‘ಅಂತ’ ಬಂದಲ್ಲೆಲ್ಲ ದಟ್ ಬರಂಗಿಲ್ಲ. ಹಂಗಾದ್ರ ಟು ಎಲ್ಲಿ, ದಟ್ ಎಲ್ಲಿ?

ಜೇವರ್ಗಿ ಟ್ಯೂಷನ್ (ಪ್ರಶ್ನೆ)

ನಮಸ್ಕಾರ್ರೀ ಎಲ್ಲರಿಗೂ. ಕನ್ನಡ ಮಾಧ್ಯಮದ 9 ಮತ್ತು 10ನೇ ಕ್ಲಾಸಿನ ಹುಡುಗರ ಇಂಗ್ಲಿಷ್ ನೋಟ್‌ಬುಕ್ಕಿನಾಗ ಒಂದೇ ನಮೂನಿ ತಪ್ಪು ಮತ್ತ ಮತ್ತ ಬರ್ತದ. ಈ ಐದು ವಾಕ್ಯ ನೋಡ್ರಿ:

‘ಐ ವಾಂಟ್ ದಟ್ ಯೂ ಶುಡ್ ಕಮ್ ಟು ಕಲಬುರಗಿ.’
‘ಮೈ ಫಾದರ್ ಟೋಲ್ಡ್ ದಟ್ ಗೋ ಟು ದ ಫೀಲ್ಡ್.’
‘ಸರ್ ಸಜೆಸ್ಟೆಡ್ ಮೀ ಟು ರೀಡ್ ಗ್ರಾಮರ್.’
‘ಐ ಹೋಪ್ ಹಿಮ್ ಟು ಪಾಸ್.’
‘ಹೀ ಆಸ್ಕ್ಡ್ ಮೀ ದಟ್ ವೇರ್ ಆರ್ ಯೂ ಗೋಯಿಂಗ್.’

ಮಕ್ಕಳಿಗೆ ಹೇಳಿಕೊಟ್ಟ ಸೂತ್ರ ಹಿಂಗದ: ಕನ್ನಡದಾಗ ‘-ಲು’ ಅಥವಾ ನಮ್ಮ ಕಡಿ ಮಾತಿನ ‘-ಲಾಕ’ ಬಂದ್ರ ಟು-ಇನ್ಫಿನಿಟಿವ್, ‘ಅಂತ’ ಬಂದ್ರ ದಟ್-ಕ್ಲಾಜ್. ‘ಓದ್ಲಾಕ ಶುರು ಮಾಡ್ದ’ ಅಂದ್ರ ‘ಹೀ ಬಿಗ್ಯಾನ್ ಟು ರೀಡ್’. ‘ಅವ ಒಳ್ಳೆಯವ ಅಂತ ಗೊತ್ತದ’ ಅಂದ್ರ ‘ಐ ನೋ ದಟ್ ಹೀ ಈಸ್ ಗುಡ್’. ಇಷ್ಟಕ್ಕ ನಡೀತದ. ಆದ್ರ ಮ್ಯಾಲಿನ ಐದೂ ವಾಕ್ಯದ ಕನ್ನಡದಾಗ ‘ಅಂತ’ ಅದ. ಮೂರರಾಗ ಸೂತ್ರಾನೇ ಹುಡುಗರನ್ನ ತಪ್ಪು ದಾರಿಗಿ ಒಯ್ದದ. ಸಜೆಸ್ಟ್, ಹೋಪ್ ಎರಡರಾಗ ಸೂತ್ರ ಸರಿ ಇದ್ರೂ ಹುಡುಗರು ಟು ಹಾಕ್ಯಾರ. ಇದಕ್ಕ ಬುಡದಾಗ ಏನಾರ ಕಾರಣ ಅದನೋ, ಇಲ್ಲಾ ಒಂದೊಂದೇ ವರ್ಬ್ ಬಾಯಿಪಾಠ ಮಾಡಿಸಬೇಕೋ? ತಿಳಿದವರು ಹೇಳ್ರಿ.


ಯಾದಗಿರಿ ಇಂಗ್ಲಿಷ್ ಮಾಸ್ತರ

ಸರ್, ನಿಮ್ಮ ಸೂತ್ರ ನೋಡೋ ಜಾಗ ಒಂದು ಮಾರು ಆಚೀಗದ. ‘ಅಂತ’ ನೋಡಬ್ಯಾಡ್ರಿ, ‘ಅಂತ’ದ ಹಿಂದ ನಿಂತ ಕ್ರಿಯಾಪದ ನೋಡ್ರಿ. ನಮ್ಮ ‘ಅಂತ’ ಯಾವ ಮಾತು ಸಿಕ್ಕರೂ ಕಟ್ಟೋ ಹಗ್ಗ. ಆಜ್ಞೆ ಇರಲಿ, ಆಸೆ ಇರಲಿ, ಪ್ರಶ್ನೆ ಇರಲಿ, ಸುದ್ದಿ ಇರಲಿ, ಎಲ್ಲಾ ಕಟ್ತದ. ಇಂಗ್ಲಿಷಿನ ದಟ್‌ಗೆ ಅಷ್ಟು ಉದ್ದ ಕೈ ಇಲ್ಲ. ಕರ್ತೃ ಮತ್ತು ಕ್ರಿಯಾಪದ ಇರೋ ಪೂರಾ ವಾಕ್ಯ, ಅದೂ ಬಹಳ ಸಲ ಸುದ್ದಿ ಹೇಳೋ ವಾಕ್ಯ, ದಟ್ ಆದ ಮ್ಯಾಲ ಬರಬೇಕು.

ಒಂದೇ ‘ಹೇಳಿದ್ರು’ ತಗೊಂಡು ಬೋರ್ಡಿನ ಮ್ಯಾಲ ನಾಲ್ಕು ಸಾಲು ಬರೀರಿ.

ಮರುದಿನ ಬಾ ಅಂತ ಹೇಳಿದ್ರು: ‘ಸರ್ ಟೋಲ್ಡ್ ಮೀ ಟು ಕಮ್ ದ ನೆಕ್ಸ್ಟ್ ಡೇ.’
ಬರಬ್ಯಾಡ ಅಂತ ಹೇಳಿದ್ರು: ‘ಸರ್ ಟೋಲ್ಡ್ ಮೀ ನಾಟ್ ಟು ಕಮ್.’
ತಾವೇ ಬರ್ತೀನಿ ಅಂತ ಹೇಳಿದ್ರು: ‘ಸರ್ ಟೋಲ್ಡ್ ಮೀ ದಟ್ ಹೀ ವುಡ್ ಕಮ್.’
ಸೂಟಿ ಅದ ಅಂತ ಹೇಳಿದ್ರು: ‘ಸರ್ ಟೋಲ್ಡ್ ಮೀ ದಟ್ ದೇರ್ ವಾಸ್ ಎ ಹಾಲಿಡೇ.’

‘ಬಾ’, ‘ಬರಬ್ಯಾಡ’ ಇವಕ್ಕ ಕಾಲ ಇಲ್ಲ. ನಿನ್ನೆ, ಇವತ್ತು, ನಾಳಿ ಯಾವುದೂ ಆ ರೂಪದಾಗ ಕಾಣಂಗಿಲ್ಲ. ಟು-ಇನ್ಫಿನಿಟಿವ್‌ಗೂ ಕಾಲ ಇಲ್ಲ. ಹಂಗಾಗಿ ಎರಡೂ ಜೋಡಿ ಆಗ್ತಾವ. ‘ಬರ್ತೀನಿ’, ‘ಅದ’ ಇವುಗಳೊಳಗ ಕಾಲ ಅದ, ಯಾರು ಅನ್ನೋದೂ ಅದ. ದಟ್-ಕ್ಲಾಜಿಗೂ ಅವೆರಡೂ ಬೇಕು. ಈ ನಾಲ್ಕು ಸಾಲು ಗಟ್ಟಿ ಆದ್ರ ಅರ್ಧ ತಪ್ಪು ಅಲ್ಲೇ ನಿಲ್ತಾವ.

ಈಗ ನಿಮ್ಮ ಎರಡನೇ ವಾಕ್ಯಕ್ಕ ಬರ್ರಿ. ‘ಟೋಲ್ಡ್ ದಟ್ ಗೋ’ ಇದರಾಗ ತಪ್ಪು ಒಂದಲ್ಲ, ಎರಡು. ದಟ್ ಆದ ಮ್ಯಾಲ ‘ಗೋ’ ಅನ್ನೋ ಬರೇ ಆಜ್ಞೆ ಬಂದದ. ಮತ್ತ ಟೋಲ್ಡ್ ಆದ ಮ್ಯಾಲ ಯಾರಿಗೆ ಹೇಳಿದ್ರು ಅನ್ನೋದು ಇಲ್ಲ. ಟೆಲ್‌ಗೆ ಟು ಬಂದ್ರೂ ದಟ್ ಬಂದ್ರೂ ಆಳಿನ ಹೆಸರು ಬೇಕೇ ಬೇಕು: ‘ಟೋಲ್ಡ್ ಮೀ’, ‘ಟೋಲ್ಡ್ ಮೈ ಬ್ರದರ್’. ಸೇ ಇದಕ್ಕ ಉಲ್ಟಾ: ‘ಸೆಡ್ ದಟ್’, ಆಳು ಬೇಕಂದ್ರ ‘ಸೆಡ್ ಟು ಮೀ ದಟ್’. ‘ಸೆಡ್ ಮೀ’ ಅನ್ನೋದು ಇಂಗ್ಲಿಷಿನಾಗ ಇಲ್ಲ. ‘ಹೀ ಸೆಡ್ ಟು ಕಮ್ ಅಟ್ ಫೈವ್’ ಅಂತ ಇಂಗ್ಲಿಷರು ಮಾತಾಡೋವಾಗ ಅಂತಾರ, ಖರೆ. ಪರೀಕ್ಷೆದಾಗ ಮಾತ್ರ ಹುಡುಗರು ಅದನ್ನ ಬರಿಯೋದು ಬ್ಯಾಡ.

ಪ್ರಶ್ನೆ ಕಟ್ಟೋ ‘ಅಂತ’ಕ್ಕ ಟು ಇಲ್ಲ, ದಟ್ಟೂ ಇಲ್ಲ. ‘ಎಲ್ಲಿ ಹೊಂಟೀದಿ ಅಂತ ಕೇಳಿದ’ ಅಂದ್ರ ‘ಹೀ ಆಸ್ಕ್ಡ್ ಮೀ ವೇರ್ ಐ ವಾಸ್ ಗೋಯಿಂಗ್’. ವೇರ್ ತಾನೇ ಕಟ್ಟೋ ಕೆಲಸ ಮಾಡ್ತದ. ‘ಬರ್ತೀಯೇನು ಅಂತ ಕೇಳಿದ’ ಅಂದಾಗ ಅಂಥ ಶಬ್ದ ಇಲ್ಲ, ಅದಕ್ಕ ‘ಇಫ್’ ಅಥವಾ ‘ವೆದರ್’. ಆದ್ರ ನಮ್ಮ ‘ಕೇಳು’ ಬೇಡೋದಕ್ಕೂ ಬರ್ತದ. ‘ಪೆನ್ನು ಕೊಡು ಅಂತ ಕೇಳಿದ’ ಅಂದ್ರ ಹಿಂದ ಆಜ್ಞಾರೂಪ ಅದ, ಹಂಗಾಗಿ ‘ಹೀ ಆಸ್ಕ್ಡ್ ಮೀ ಟು ಗಿವ್ ಹಿಮ್ ಎ ಪೆನ್’. ಒಂದೇ ಆಸ್ಕ್, ಎರಡು ದಾರಿ. ದಾರಿ ತೋರಿಸೋದು ‘ಅಂತ’ದ ಹಿಂದಿನ ಪದ.

ವಾಂಟ್ ಸಲೀಸದ. ‘ಬರಬೇಕಂತ’ ಅನ್ನೋದರಾಗ ನಡೆದದ್ದು ಏನೂ ಇಲ್ಲ, ಬರೇ ಆಸೆ. ಆಸೆ ಪಡೋವ, ಕೆಲಸ ಮಾಡೋವ ಒಬ್ಬನೇ ಇದ್ರ ‘ಐ ವಾಂಟ್ ಟು ಕಮ್’. ಬ್ಯಾರೆ ಬ್ಯಾರೆ ಇದ್ರ ನಡುವ ಆಳು ಕೂಡಸ್ರಿ: ‘ಐ ವಾಂಟ್ ಹಿಮ್ ಟು ಕಮ್’. ಇಲ್ಲಿ ‘ಹೀ’ ಬರಂಗಿಲ್ಲ, ‘ಹಿಮ್’ ಬರಬೇಕು. ಕನ್ನಡದಾಗ ‘ಅವ ಬರಬೇಕಂತ’ ಅಂತ ಕರ್ತೃ ರೂಪ ಇರೋದಕ್ಕ ಹುಡುಗರು ‘ವಾಂಟ್ ಹೀ ಟು’ ಅಂತ ಬರೀತಾರ. ನಮ್ಮ ಮಾತಿನ ‘ಹೋಗಬೇಕಂತ ಮಾಡೀನಿ’ ಇದಕ್ಕೂ ಇದೇ ದಾರಿ: ‘ಐ ಪ್ಲ್ಯಾನ್ ಟು ಗೋ’, ‘ಐ ಇಂಟೆಂಡ್ ಟು ಗೋ’.

ಇನ್ನೊಂದು ಮಾತು. ಕ್ಲಾಸಿನಾಗ ಮನಿಯೊಳಗ ದಖ್ಖನಿ ಉರ್ದು ಮಾತಾಡೋ ಮಕ್ಕಳಿದ್ರ ಅವರ ‘ಬೋಲ್ಕೆ’ ನಮ್ಮ ‘ಅಂತ’ದ ಅಣ್ಣ ತಮ್ಮ. ‘ಆತಾ ಬೋಲ್ಕೆ ಬೋಲ್ಯಾ’ ಅನ್ನೋದು ‘ಬರ್ತೀನಂತ ಹೇಳ್ದ’ ಅನ್ನೋದರ ಅಚ್ಚು. ಭಾಲ್ಕಿ, ಔರಾದ ಕಡಿ ಮರಾಠಿ ಮಕ್ಕಳ ‘ಮ್ಹಣೂನ್’ ಕೂಡ ಇದೇ ಕೆಲಸ ಮಾಡ್ತದ. ಹಂಗಾಗಿ ಮೂರೂ ಮನಿ ಮಕ್ಕಳು ಒಂದೇ ತಪ್ಪು ಮಾಡ್ತಾರ, ಮೂವರಿಗೂ ಒಂದೇ ಮದ್ದು ನಡೀತದ.


ಬೀದರ್ ಕೋಟೆ ರಸ್ತೆ

ಮಾಸ್ತರು ಬುಡ ಹಿಡಿದಿದ್ದಾರೆ. ಆದರೆ ಸಜೆಸ್ಟ್ ಮತ್ತು ಹೋಪ್ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ‘ಓದು ಅಂತ ಸಲಹೆ ಕೊಟ್ಟರು’, ‘ಪಾಸಾಗಲಿ ಅಂತ ಹಾರೈಸ್ತೀನಿ’ ಎರಡರಲ್ಲೂ ‘ಅಂತ’ದ ಹಿಂದೆ ಕಾಲವಿಲ್ಲದ ರೂಪವೇ ಇದೆ. ಆದರೂ ಇಂಗ್ಲಿಷ್ ಅಲ್ಲಿ ದಟ್ ಕೇಳುತ್ತದೆ. ಹುಡುಗರು ಯಾಕೆ ಎಡವುತ್ತಾರೆ ಎಂಬುದು ಇಲ್ಲೇ ಇದೆ: ಟೆಲ್, ಅಡ್ವೈಸ್, ವಾಂಟ್ ನೋಡಿ ಅದೇ ಅಚ್ಚನ್ನು ಇವಕ್ಕೂ ಒತ್ತುತ್ತಾರೆ.

ಕಾರಣ ಆಳಿನ ಜಾಗದಲ್ಲಿದೆ. ಕನ್ನಡದಲ್ಲಿ ‘ನನಗೆ ಹೇಳಿದರು’, ‘ನನಗೆ ಸಲಹೆ ಕೊಟ್ಟರು’, ‘ನನಗೆ ವಿವರಿಸಿದರು’, ಎಲ್ಲದಕ್ಕೂ ಒಂದೇ ‘ನನಗೆ’. ಇಂಗ್ಲಿಷ್ ಇದನ್ನು ಎರಡು ಮನೆ ಮಾಡುತ್ತದೆ. ಟೆಲ್, ಅಡ್ವೈಸ್, ಆಸ್ಕ್, ಆರ್ಡರ್, ವಾರ್ನ್, ರಿಮೈಂಡ್ ಇವು ಆಳನ್ನು ನೇರವಾಗಿ ಕರ್ಮವಾಗಿ ತೆಗೆದುಕೊಳ್ಳುತ್ತವೆ: ‘ಅಡ್ವೈಸ್ಡ್ ಮೀ’. ಸೇ, ಸಜೆಸ್ಟ್, ಎಕ್ಸ್‌ಪ್ಲೇನ್, ಮೆನ್ಷನ್, ಪ್ರಪೋಸ್ ಇವಕ್ಕೆ ಆಳಿನ ಮುಂದೆ ‘ಟು’ ಬೇಕು: ‘ಸಜೆಸ್ಟೆಡ್ ಟು ಮೀ’, ‘ಎಕ್ಸ್‌ಪ್ಲೇನ್ಡ್ ಟು ಮೀ’. ಆಳು ನೇರ ಕರ್ಮವಾಗಿ ಕೂರದಿದ್ದರೆ ‘ಮೀ ಟು ರೀಡ್’ ಎಂಬ ಕಟ್ಟಡಕ್ಕೆ ಮೊದಲ ಕಲ್ಲೇ ಇಲ್ಲ. ‘ಎಕ್ಸ್‌ಪ್ಲೇನ್ ಮೀ’ ಎಂಬ ತಪ್ಪೂ ಇದೇ ಬೇರಿನದು, ಎರಡನ್ನೂ ಒಂದೇ ಪಾಠದಲ್ಲಿ ತೆಗೆದುಕೊಳ್ಳಿ.

ಪರೀಕ್ಷಿಸುವ ದಾರಿ: ವಾಕ್ಯವನ್ನು ಪ್ಯಾಸಿವ್ (ಕರ್ಮಣಿ ಪ್ರಯೋಗ) ಮಾಡಿಸಿ. ‘ಐ ವಾಸ್ ಟೋಲ್ಡ್ ಟು ರೀಡ್’, ‘ಐ ವಾಸ್ ಅಡ್ವೈಸ್ಡ್ ಟು ರೀಡ್’ ನಿಲ್ಲುತ್ತವೆ. ‘ಐ ವಾಸ್ ಸಜೆಸ್ಟೆಡ್ ಟು ರೀಡ್’, ‘ಹೀ ವಾಸ್ ಹೋಪ್ಡ್ ಟು ಪಾಸ್’ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ವಾಂಟ್ ಆಳನ್ನು ತೆಗೆದುಕೊಂಡರೂ ‘ಹೀ ವಾಸ್ ವಾಂಟೆಡ್ ಟು ಕಮ್’ ಆಗುವುದಿಲ್ಲ. ಅದೊಂದನ್ನು ಬದಿಗಿಟ್ಟೇ ಈ ಪರೀಕ್ಷೆ ಹೇಳಿಕೊಡಿ.

ಇನ್ನು ಸಜೆಸ್ಟ್ ಆದಮೇಲೆ ಏನು ಬರೆಯಬೇಕು? ಮೂರು ಸರಿ ದಾರಿಗಳಿವೆ.

‘ಸರ್ ಸಜೆಸ್ಟೆಡ್ ದಟ್ ಐ ಶುಡ್ ರೀಡ್ ಗ್ರಾಮರ್.’
‘ಸರ್ ಸಜೆಸ್ಟೆಡ್ ದಟ್ ಐ ರೀಡ್ ಗ್ರಾಮರ್.’
‘ಸರ್ ಸಜೆಸ್ಟೆಡ್ ರೀಡಿಂಗ್ ಗ್ರಾಮರ್.’

ಮೊದಲನೆಯದು ಬ್ರಿಟಿಷ್ ಬಳಕೆಗೆ ಹತ್ತಿರ, ಎರಡನೆಯದು ಅಮೆರಿಕದಲ್ಲಿ ಹೆಚ್ಚು. ನಮ್ಮ ಮಕ್ಕಳಿಗೆ ‘ಶುಡ್’ ಇರುವುದನ್ನೇ ಕಲಿಸಿ, ತಪ್ಪಾಗುವ ಜಾಗ ಕಡಿಮೆ. ಆದರೆ ಎರಡನೆಯದನ್ನು ತೋರಿಸಿಯೇ ಬಿಡಬೇಕು. ಯಾಕೆಂದರೆ ಬಹು ಆಯ್ಕೆ ಪ್ರಶ್ನೆಯಲ್ಲಿ ‘ಹೀ ಸಜೆಸ್ಟೆಡ್ ದಟ್ ಶೀ ಡ್ಯಾಶ್ ಎ ಡಾಕ್ಟರ್’ ಎಂದು ಕೊಟ್ಟು ‘ಸೀ’, ‘ಸೀಯಿಂಗ್’, ‘ಟು ಸೀ’ ಎಂದು ಆಯ್ಕೆ ಇಟ್ಟರೆ ‘ಸೀ’ ಸರಿ. ‘ಶೀ’ ಬಂದರೆ ಎಸ್ ಹಚ್ಚಬೇಕು ಎಂದು ಕಲಿತ ಹುಡುಗ ಅಲ್ಲಿ ಗಾಬರಿಯಾಗುತ್ತಾನೆ. ಇದು ಕಾಲ ಬಿಟ್ಟ ಮೂಲ ರೂಪ, ಭೂತಕಾಲದ ‘ಸಜೆಸ್ಟೆಡ್’ ಹಿಂದಿದ್ದರೂ ಬದಲಾಗುವುದಿಲ್ಲ. ನಕಾರ ಬೇಕಾದರೆ ‘ದಟ್ ಶೀ ನಾಟ್ ಗೋ’, ಅಥವಾ ‘ಶುಡ್ ನಾಟ್ ಗೋ’. ಅಂದರೆ ದಟ್ ಒಳಗೇ ಕಾಲವಿಲ್ಲದ ರೂಪ ಕುಳಿತಿದೆ. ಮಾಸ್ತರು ಹೇಳಿದ ‘ಆಜ್ಞೆಗೆ ಕಾಲವಿಲ್ಲ’ ಎಂಬ ಮಾತು ಇಲ್ಲೂ ಸುಳ್ಳಾಗಲಿಲ್ಲ, ವೇಷ ಬೇರೆ ಅಷ್ಟೇ.

ಇದೇ ಗುಂಪಿನಲ್ಲಿ ಇನ್‌ಸಿಸ್ಟ್, ಡಿಮಾಂಡ್ ಇವೆ. ‘ದ ಫಾರ್ಮರ್ಸ್ ಡಿಮಾಂಡೆಡ್ ದ ಗವರ್ನಮೆಂಟ್ ಟು ಬೈ ತೊಗರಿ’ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಸರಿಯಾದದ್ದು ‘ಡಿಮಾಂಡೆಡ್ ದಟ್ ದ ಗವರ್ನಮೆಂಟ್ ಶುಡ್ ಬೈ ತೊಗರಿ’. ಬೇಡುವವನೇ ಮಾಡುವವನಾದರೆ ಮಾತ್ರ ಟು ನಡೆಯುತ್ತದೆ: ‘ದೇ ಡಿಮಾಂಡೆಡ್ ಟು ಸೀ ದ ಆಫೀಸರ್’. ಇನ್‌ಸಿಸ್ಟ್‌ಗೆ ಟು ಇಲ್ಲವೇ ಇಲ್ಲ, ‘ಇನ್‌ಸಿಸ್ಟೆಡ್ ಆನ್ ಗೋಯಿಂಗ್’ ಅಥವಾ ದಟ್. ರೆಕಮೆಂಡ್‌ಗೂ ದಟ್ ಅಥವಾ ಐಎನ್‌ಜಿ ರೂಪ. ಬ್ರಿಟನ್ನಿನಲ್ಲಿ ‘ರೆಕಮೆಂಡ್ ಯೂ ಟು’ ಕೂಡ ಸಿಗುತ್ತದೆ, ಹಾಗಾಗಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆಯಬೇಡಿ, ದಟ್ ಉತ್ತಮ ಎಂದಷ್ಟೇ ಹೇಳಿ.

ಸಜೆಸ್ಟ್, ಇನ್‌ಸಿಸ್ಟ್ ಎರಡಕ್ಕೂ ಇನ್ನೊಂದು ಅರ್ಥವಿದೆ. ‘ದ ರಿಪೋರ್ಟ್ ಸಜೆಸ್ಟ್ಸ್ ದಟ್ ಪ್ರೈಸಸ್ ಆರ್ ಫಾಲಿಂಗ್’ ಎಂದರೆ ವರದಿ ಸಲಹೆ ಕೊಡುತ್ತಿಲ್ಲ, ಬೆಲೆ ಇಳಿಯುತ್ತಿದೆ ಎಂಬ ಸೂಚನೆ ಕೊಡುತ್ತಿದೆ. ಅಲ್ಲಿ ‘ಶುಡ್’ ಹಾಕಿದರೆ ಅರ್ಥವೇ ಕೆಡುತ್ತದೆ. ‘ಹೀ ಇನ್‌ಸಿಸ್ಟೆಡ್ ದಟ್ ಹೀ ವಾಸ್ ಇಲ್’ ಎಂದರೆ ‘ನನಗೆ ಆರಾಮಿಲ್ಲ’ ಅಂತ ಪಟ್ಟು ಹಿಡಿದು ಹೇಳಿದ. ‘ಹೀ ಇನ್‌ಸಿಸ್ಟೆಡ್ ದಟ್ ಶೀ ಸ್ಟೇ’ ಎಂದರೆ ‘ಇಲ್ಲೇ ಇರು’ ಅಂತ ಹಟ ಮಾಡಿದ. ಸುದ್ದಿಗೆ ಮಾಮೂಲಿ ಕಾಲ, ಒತ್ತಾಯಕ್ಕೆ ಮೂಲ ರೂಪ ಅಥವಾ ‘ಶುಡ್’.

ಹೋಪ್ ಚಿಕ್ಕದು. ಒಬ್ಬನೇ ಕರ್ತೃ ಇದ್ದರೆ ‘ಐ ಹೋಪ್ ಟು ಪಾಸ್’. ಬೇರೆಯವರಾದರೆ ದಟ್ ಮಾತ್ರ: ‘ಐ ಹೋಪ್ ದಟ್ ಹೀ ವಿಲ್ ಪಾಸ್’, ‘ಹೀ ಪಾಸಸ್’ ಎಂದರೂ ಸರಿ. ಎಕ್ಸ್‌ಪೆಕ್ಟ್ ಮಾತ್ರ ಎರಡನ್ನೂ ಒಪ್ಪುತ್ತದೆ, ಅರ್ಥದಲ್ಲಿ ಎಳೆ ವ್ಯತ್ಯಾಸ. ‘ಐ ಎಕ್ಸ್‌ಪೆಕ್ಟ್ ದಟ್ ಯೂ ವಿಲ್ ಬಿ ಟಯರ್ಡ್’ ಎಂದರೆ ಊಹೆ. ‘ಐ ಎಕ್ಸ್‌ಪೆಕ್ಟ್ ಯೂ ಟು ಬಿ ಆನ್ ಟೈಮ್’ ಎಂದರೆ ಹೆಚ್ಚುಕಡಿಮೆ ಅಪ್ಪಣೆ.

ರಜೆ ಚೀಟಿಯ ಒಂದು ಸಾಲು ಇಲ್ಲೇ ಹೇಳಿಬಿಡುತ್ತೇನೆ, ಪ್ರತಿ ಶಾಲೆಯಲ್ಲೂ ಬೇಕಾಗುವಂಥದ್ದು. ‘ಐ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮೀ ಲೀವ್’ ಸರಿ. ‘ಐ ರಿಕ್ವೆಸ್ಟ್ ದಟ್ ಲೀವ್ ಬಿ ಗ್ರಾಂಟೆಡ್’ ಸರಿ. ‘ಐ ರಿಕ್ವೆಸ್ಟ್ ಟು ಯೂ ದಟ್ ಪ್ಲೀಸ್ ಗ್ರಾಂಟ್ ಮೀ’ ತಪ್ಪು: ರಿಕ್ವೆಸ್ಟ್ ಕ್ರಿಯಾಪದವಾದಾಗ ಆಳು ನೇರ ಬರುತ್ತದೆ, ದಟ್ ಆದಮೇಲೆ ‘ಪ್ಲೀಸ್ ಗ್ರಾಂಟ್’ ಎಂಬ ಬರೀ ಆಜ್ಞೆ ಕೂರುವುದಿಲ್ಲ.


ಶಹಾಬಾದ್ ಮೇಡಂ

ಯಾದಗಿರಿ ಸರ್ ಹೇಳಿದ್ದಕ್ಕ ಒಂದು ತಿದ್ದುಪಡಿ ಬೇಕ್ರಿ. ಕಾಲ ಇರೋ ರೂಪ ಹಿಂದಿದ್ರ ದಟ್ ಅಂತ ಮಕ್ಕಳು ಕಣ್ಣು ಮುಚ್ಚಿ ಹಿಡಕೊಂಡ್ರ ಇನ್ನೊಂದು ಕಡಿ ಬೀಳ್ತಾರ. ‘ಕೊಡ್ತೀನಿ ಅಂತ ಒಪ್ಪಿದ’, ‘ಬರ್ತೀನಿ ಅಂತ ಮಾತು ಕೊಟ್ಟ’, ‘ಹೊಡಿತೀನಿ ಅಂತ ಹೆದರಿಸಿದ’, ‘ಬರಂಗಿಲ್ಲ ಅಂದ’. ಈ ನಾಲ್ಕರಾಗೂ ಕಾಲ ಅದ, ಆದ್ರೂ ಇಂಗ್ಲಿಷಿನಾಗ ಟು ಬರ್ತದ: ‘ಅಗ್ರೀಡ್ ಟು ಗಿವ್’, ‘ಪ್ರಾಮಿಸ್ಡ್ ಟು ಕಮ್’, ‘ಥ್ರೆಟನ್ಡ್ ಟು ಬೀಟ್’, ‘ರೆಫ್ಯೂಸ್ಡ್ ಟು ಕಮ್’.

ಇವನ್ನ ಗುರುತು ಹಿಡಿಯೋದು ಕಷ್ಟ ಇಲ್ಲ. ‘ಅಂತ’ದ ಹಿಂದ ‘-ತೀನಿ’ ಬಂದಿರ್ತದ (‘ಬರಂಗಿಲ್ಲ’ ಅದರ ಇಲ್ಲ ರೂಪ), ಅಂದ್ರ ಉತ್ತಮ ಪುರುಷ, ಮುಂದ ತಾನೇ ಮಾಡೋ ಕೆಲಸ. ಹೇಳೋವನೇ ಮಾಡೋವ. ಕರ್ತೃ ಇನ್ನೊಮ್ಮೆ ಹೇಳೋ ಅಗತ್ಯ ಇಲ್ಲ, ಅದಕ್ಕ ಟು ಸಾಕಾಗ್ತದ. ಇವುಗಳೊಳಗ ಅಗ್ರೀ, ಪ್ರಾಮಿಸ್, ಡಿಸೈಡ್, ಥ್ರೆಟನ್, ಸ್ವೇರ್ ಇವಕ್ಕ ದಟ್ಟೂ ನಡೀತದ. ಆದ್ರ ರೆಫ್ಯೂಸ್ ಮತ್ತು ಆಫರ್ ಇವಕ್ಕ ದಟ್ ನಡಿಯಂಗಿಲ್ಲ, ಮ್ಯಾನೇಜ್, ಅಫೋರ್ಡ್, ಟ್ರೈ ಇವಕ್ಕೂ ಇಲ್ಲ.

ರೆಫ್ಯೂಸ್ ಜರಾ ಹತ್ತಿರದಿಂದ ನೋಡ್ರಿ. ನಮ್ಮ ‘ಒಲ್ಲೆ ಅಂದ’ ಅನ್ನೋ ಮಾತಿಗೆ ಬರೋಬ್ಬರಿ ಹೊಂದೋ ಶಬ್ದ ಇದು. ‘ಒಲ್ಲೆ’ ಒಳಗಿನ ಇಲ್ಲ ಅನ್ನೋದನ್ನ ರೆಫ್ಯೂಸ್ ಆಗಲೇ ನುಂಗ್ಯಾದ. ಮಕ್ಕಳು ‘ಹೀ ರೆಫ್ಯೂಸ್ಡ್ ದಟ್ ಹೀ ವಿಲ್ ನಾಟ್ ಕಮ್’ ಅಂತ ಬರೆದು ಎರಡು ಸಲ ಇಲ್ಲ ಅಂತಾರ. ‘ಕದ್ದಿಲ್ಲ ಅಂದ’ ಅನ್ನೋದಕ್ಕ ಡಿನೈ. ಅದರಾಗೂ ಇಲ್ಲ ಒಳಗೇ ಅದ: ‘ಹೀ ಡಿನೈಡ್ ದಟ್ ಹೀ ಹ್ಯಾಡ್ ಸ್ಟೋಲನ್ ಇಟ್’, ಅಥವಾ ‘ಡಿನೈಡ್ ಸ್ಟೀಲಿಂಗ್ ಇಟ್’. ‘ಡಿನೈಡ್ ಟು ಸ್ಟೀಲ್’ ಇಲ್ಲ. ಮುಂದಿನ ಕೆಲಸಕ್ಕ ಒಲ್ಲೆ ಅಂದ್ರ ರೆಫ್ಯೂಸ್, ಟು. ಹಿಂದ ನಡೆದದ್ದಕ್ಕ ಇಲ್ಲ ಅಂದ್ರ ಡಿನೈ, ದಟ್. ಅಡ್ಮಿಟ್ ಕೂಡ ಡಿನೈ ಇದ್ದಂಗೇ ನಡೀತದ.


ಜೇವರ್ಗಿ ಟ್ಯೂಷನ್

ಮೇಡಂ, ಸರ್, ಭಾಳ ಉಪಕಾರ. ‘ಒಲ್ಲೆ’ದ ಮಾತು ನಾಳಿನೇ ಬೋರ್ಡಿನ ಮ್ಯಾಲ ಬರ್ತದ. ಇನ್ನ ಮೂರು ತೊಡಕು ಉಳಿದಾವ. ‘ಐ ನೋ ಟು ಸ್ವಿಮ್’ ಅಂತ ಬರೀತಾರ, ಇದು ಯಾಕ ತಪ್ಪು? ರಿಮೆಂಬರ್, ಪರ್ಸ್ವೇಡ್ ಇಂಥವಕ್ಕ ಡಿಕ್ಷನರಿದಾಗ ಟು, ದಟ್ ಎರಡೂ ಕೊಟ್ಟಿರ್ತಾರ, ಯಾವುದು ಬೇಕಾದ್ರೂ ಹಾಕಬಹುದಾ? ಮತ್ತ ಪ್ಯಾಸಿವ್‌ನಾಗ ‘ದ ಟ್ರೈನ್ ಈಸ್ ಎಕ್ಸ್‌ಪೆಕ್ಟೆಡ್ ದಟ್ ಇಟ್ ವಿಲ್ ರೀಚ್ ವಾಡಿ ಅಟ್ ಟೆನ್’ ಅಂತ ಒಬ್ಬ ಹುಡುಗಿ ಬರೆದಾಳ.


ಶಹಾಬಾದ್ ಮೇಡಂ

ನೋ ಅನ್ನೋದು ತಿಳಿವಳಿಕೆ, ಅದಕ್ಕ ಸುದ್ದಿ ಬೇಕು: ‘ಐ ನೋ ದಟ್ ಹೀ ಸ್ವಿಮ್ಸ್’. ನಮ್ಮ ‘ಈಜಾಡ್ಲಾಕ ಬರ್ತದ’ ಅನ್ನೋದು ಕಲೆ. ಕಲೆಗೆ ನಡುವ ‘ಹೌ’ ಬೇಕು: ‘ಐ ನೋ ಹೌ ಟು ಸ್ವಿಮ್’. ಇಲ್ಲಾ ಸೀದಾ ‘ಐ ಕ್ಯಾನ್ ಸ್ವಿಮ್’. ಲರ್ನ್‌ಗೆ ಮಾತ್ರ ‘ಹೌ’ ಇದ್ರೂ ಸರಿ, ಇಲ್ಲದಿದ್ರೂ ಸರಿ: ‘ಶೀ ಲರ್ನ್ಡ್ ಟು ಸ್ವಿಮ್’ ಅಂದ್ರ ಈಜು ಕಲಿತಳು. ‘ಶೀ ಲರ್ನ್ಡ್ ದಟ್ ದ ಬಸ್ ವಾಸ್ ಲೇಟ್’ ಅಂದ್ರ ಬಸ್ ತಡ ಅಂತ ಗೊತ್ತಾಯ್ತು.

ಎರಡೂ ಬರೋ ವರ್ಬ್‌ಗಳಾಗ ಅರ್ಥ ಬದಲಾಗ್ತದ, ಮನಸ್ಸಿಗೆ ಬಂದದ್ದು ಹಾಕೋಂಗಿಲ್ಲ. ಟು ಬಂದ್ರ ಮಾಡೋ ಕೆಲಸ, ದಟ್ ಬಂದ್ರ ತಿಳಿಯೋ ಸಂಗತಿ.

‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’: ಕೀಲಿ ಹಾಕಬೇಕು ಅನ್ನೋದು ನೆನಪಾಗಿ ಹಾಕಿದೆ. ‘ಐ ರಿಮೆಂಬರ್ಡ್ ದಟ್ ಐ ಹ್ಯಾಡ್ ಲಾಕ್ಡ್ ದ ಡೋರ್’: ಹಾಕಿದ್ದು ನೆನಪಾಯ್ತು. ‘ಐ ಫರ್ಗಾಟ್ ಟು ಟೇಕ್ ದ ಟಿಕೆಟ್’ ಅಂದ್ರ ಟಿಕೀಟ್ ತಗೊಂಡಿಲ್ಲ. ‘ಐ ಫರ್ಗಾಟ್ ದಟ್ ಐ ಹ್ಯಾಡ್ ಟೇಕನ್ ದ ಟಿಕೆಟ್’ ಅಂದ್ರ ಟಿಕೀಟ್ ಕಿಸೆದಾಗೇ ಅದ, ಮರೆತಾನ. ಕಂಡಕ್ಟರ್ ಮುಂದ ನಿಂತವನಿಗೆ ಈ ಎರಡರ ನಡುವಿನ ಅಂತರ ಭಾಳ ದೊಡ್ಡದು. ಈ ಉದಾಹರಣೆ ಕೊಟ್ರ ಮಕ್ಕಳಿಗೆ ಕೂಡಲೇ ಹತ್ತತದ.

‘ಪರ್ಸ್ವೇಡೆಡ್ ಹಿಮ್ ಟು ಗೋ’ ಅಂದ್ರ ಒಪ್ಪಿಸಿ ಕಳಿಸಿದೆ. ‘ಪರ್ಸ್ವೇಡೆಡ್ ಹಿಮ್ ದಟ್ ದ ರೋಡ್ ವಾಸ್ ಸೇಫ್’ ಅಂದ್ರ ನಂಬಿಸಿದೆ. ‘ರಿಮೈಂಡೆಡ್ ಮೀ ಟು’, ‘ರಿಮೈಂಡೆಡ್ ಮೀ ದಟ್’, ‘ವಾರ್ನ್ಡ್ ಅಸ್ ನಾಟ್ ಟು’, ‘ವಾರ್ನ್ಡ್ ಅಸ್ ದಟ್’ ಎಲ್ಲಾ ಇದೇ ಲೆಕ್ಕ. ಭೀಮಾ ನದಿಗೆ ನೀರು ಬಂದಾಗ ‘ನದಿಗಿ ಇಳಿಬ್ಯಾಡ್ರಿ ಅಂತ ಎಚ್ಚರಿಸಿದ್ರು’ ಅಂದ್ರ ‘ವಾರ್ನ್ಡ್ ಅಸ್ ನಾಟ್ ಟು ಎಂಟರ್ ದ ರಿವರ್’. ‘ನೀರು ಏರಲಾಕತ್ತದ ಅಂತ ಎಚ್ಚರಿಸಿದ್ರು’ ಅಂದ್ರ ‘ವಾರ್ನ್ಡ್ ಅಸ್ ದಟ್ ದ ವಾಟರ್ ವಾಸ್ ರೈಸಿಂಗ್’. ಅಗ್ರೀಗೂ ಇದೇ ಗೆರೆ: ‘ಅಗ್ರೀ ಟು ಪೇ’ ಕೆಲಸ, ‘ಅಗ್ರೀ ದಟ್ ದ ಪ್ರೈಸ್ ಈಸ್ ಹೈ’ ಅಭಿಪ್ರಾಯ.


ಬೀದರ್ ಕೋಟೆ ರಸ್ತೆ

ಪ್ಯಾಸಿವ್ ಬಗ್ಗೆ. ಆ ಹುಡುಗಿ ಎರಡು ಸರಿ ವಾಕ್ಯಗಳನ್ನು ಬೆಸೆದಿದ್ದಾಳೆ, ಬಿಡಿಸಿ ತೋರಿಸಿ. ‘ಇಟ್’ ಮುಂದೆ ಬಂದರೆ ದಟ್: ‘ಇಟ್ ಈಸ್ ಎಕ್ಸ್‌ಪೆಕ್ಟೆಡ್ ದಟ್ ದ ಟ್ರೈನ್ ವಿಲ್ ರೀಚ್ ವಾಡಿ ಅಟ್ ಟೆನ್.’ ‘ಟ್ರೈನ್’ ಮುಂದೆ ಬಂದರೆ ಟು: ‘ದ ಟ್ರೈನ್ ಈಸ್ ಎಕ್ಸ್‌ಪೆಕ್ಟೆಡ್ ಟು ರೀಚ್ ವಾಡಿ ಅಟ್ ಟೆನ್.’ ಟ್ರೈನನ್ನು ಮುಂದಕ್ಕೆ ತಂದಮೇಲೆ ದಟ್ ಒಳಗೆ ಕರ್ತೃವಿನ ಜಾಗ ಖಾಲಿಯಾಯಿತು, ಆ ಜಾಗಕ್ಕೆ ‘ಇಟ್’ ತುರುಕುವ ಬದಲು ಟು ಹಾಕಬೇಕು. ಸೀಮ್‌ಗೂ ಇದೇ ಕಥೆ: ‘ಇಟ್ ಸೀಮ್ಸ್ ದಟ್ ಹೀ ನೋಸ್’, ‘ಹೀ ಸೀಮ್ಸ್ ಟು ನೋ’. ‘ಹೀ ಸೀಮ್ಸ್ ದಟ್’ ಇಲ್ಲ.

ಹಿಂದೆ ನಡೆದದ್ದನ್ನು ಹೇಳಬೇಕಾದಾಗ ಟುಗೆ ಕಾಲವಿಲ್ಲದ್ದು ತೊಡಕಾಗುತ್ತದೆ. ಅಲ್ಲಿ ‘ಟು ಹ್ಯಾವ್’ ನೆರವಿಗೆ ಬರುತ್ತದೆ. ಬೀದರಿನ ಮದ್ರಸಾ 1472ರಲ್ಲಿ ಮುಗಿಯಿತು, ಕಟ್ಟಿಸಿದವರು ಮಹಮೂದ್ ಗವಾನ್. ‘ಇಟ್ ಈಸ್ ನೋನ್ ದಟ್ ಮಹಮೂದ್ ಗವಾನ್ ಬಿಲ್ಟ್ ದ ಮದ್ರಸಾ’ ಎನ್ನಬಹುದು. ಹೆಸರು ಮುಂದೆ ತಂದರೆ ‘ಮಹಮೂದ್ ಗವಾನ್ ಈಸ್ ನೋನ್ ಟು ಹ್ಯಾವ್ ಬಿಲ್ಟ್ ದ ಮದ್ರಸಾ’. ‘ಈಸ್ ನೋನ್ ಟು ಬಿಲ್ಡ್’ ಎಂದು ಬರೆದರೆ ಅವರು ಈಗಲೂ ಕಟ್ಟಿಸುತ್ತಿರುತ್ತಾರೆ ಎಂಬ ಅರ್ಥ ಬರುತ್ತದೆ. ಕ್ಲೇಮ್‌ನಲ್ಲೂ ಹಾಗೇ: ‘ಹೀ ಕ್ಲೇಮ್ಸ್ ಟು ಹ್ಯಾವ್ ಸೀನ್ ಎ ಲೆಪರ್ಡ್’.

ದಟ್ ಒಳಗೆ ಕಾಲ ಇರುವುದರಿಂದ ಹೊರಗಿನ ಕ್ರಿಯಾಪದ ಭೂತಕ್ಕೆ ಹೋದರೆ ಒಳಗಿನದೂ ಒಂದು ಮೆಟ್ಟಿಲು ಹಿಂದಕ್ಕೆ ಸರಿಯುತ್ತದೆ: ‘ವಿಲ್’ ಹೋಗಿ ‘ವುಡ್’, ‘ಈಸ್’ ಹೋಗಿ ‘ವಾಸ್’. ಟುಗೆ ಆ ತಾಪತ್ರಯವಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತಿಳಿಸುವ ರಿಪೋರ್ಟೆಡ್ ಸ್ಪೀಚಿ‌ನಲ್ಲಿ ಆಜ್ಞಾ ವಾಕ್ಯ ಬಂದರೆ ಕಾಲ ಬದಲಾಯಿಸುವ ಕೆಲಸವೇ ಇಲ್ಲ ಎಂದು ಮಕ್ಕಳಿಗೆ ಹೇಳಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ.


ಯಾದಗಿರಿ ಇಂಗ್ಲಿಷ್ ಮಾಸ್ತರ

ಮೇಡಂ ತಿದ್ದಿದ್ದು ಖರೆ, ‘-ತೀನಿ’ ಸಾಲು ಬಿಟ್ಟುಹೋಗಿತ್ತು. ಜೇವರ್ಗಿ ಸರ್, ಪಾಠ ಮಾಡೋವಾಗ ಹಿಂಗ ಹೋದ್ರ ಹಗೂರ ಆಗ್ತದ. ಮೊದಲನೇ ದಿನ ಬರೇ ಟೆಲ್ ಒಂದರ ಮ್ಯಾಲ ಹತ್ತು ಕನ್ನಡ ವಾಕ್ಯ, ಐದು ಆಜ್ಞೆ, ಐದು ಸುದ್ದಿ, ಕಲಸಿ ಕೊಡ್ರಿ. ಇಂಗ್ಲಿಷ್ ಬರಿಯೋಕ್ಕಿಂತ ಮೊದಲು ‘ಅಂತ’ದ ಹಿಂದಿನ ಪದಕ್ಕ ಗೆರಿ ಹೊಡಸ್ರಿ. ಎರಡನೇ ದಿನ ಆಸ್ಕ್ ಮತ್ತು ವಾಂಟ್. ಮೂರನೇ ದಿನ ‘-ತೀನಿ’ ಸಾಲು, ರೆಫ್ಯೂಸ್, ಡಿನೈ. ಸಜೆಸ್ಟ್ ಗುಂಪು ಕಡೀಗೆ. ಅದನ್ನ ಮೊದಲೇ ತಂದ್ರ ಕಲಿತ ಗೆರಿ ಅಳಿಸಿಹೋಗ್ತದ. ಹೊಸ ವರ್ಬ್ ಕಲಿಸೋವಾಗ ಅರ್ಥ ಒಂದೇ ಬರೆಸಬ್ಯಾಡ್ರಿ, ಅದರ ಮುಂದ ಬರೋ ಕಟ್ಟೂ ಕೂಡಿಸಿ ಬರೆಸ್ರಿ: ‘ಅಡ್ವೈಸ್ ಸಮ್‌ಬಡಿ ಟು’, ‘ಸಜೆಸ್ಟ್ ದಟ್’, ‘ಹೋಪ್ ಟು, ಹೋಪ್ ದಟ್’. ‘ಸಲಹೆ ಕೊಡು’ ಅಂತ ಒಂದೇ ಅರ್ಥ ಬರೆಸಿದ್ರ ಅಡ್ವೈಸ್, ಸಜೆಸ್ಟ್ ಒಂದೇ ಆಗಿ ಕೂಡ್ತಾವ.

ದಟ್ ಬಿಡಬಹುದಾ ಅಂತ ಹುಡುಗರು ಕೇಳೇ ಕೇಳ್ತಾರ. ಥಿಂಕ್, ಸೇ, ನೋ, ಹೋಪ್ ಆದ ಮ್ಯಾಲ ಬಿಟ್ರ ನಡೀತದ: ‘ಐ ಥಿಂಕ್ ಹೀ ಈಸ್ ರೈಟ್’. ಸಜೆಸ್ಟ್, ಇನ್‌ಸಿಸ್ಟ್, ಡಿಮಾಂಡ್, ಎಕ್ಸ್‌ಪ್ಲೇನ್ ಇವುಗಳ ಮ್ಯಾಲ ಬರವಣಿಗೆದಾಗ ಇಟ್ಟೇ ಬರೆಸ್ರಿ.


ಜೇವರ್ಗಿ ಟ್ಯೂಷನ್

ಕಡೀ ಪ್ರಶ್ನೆ. ‘ಹೀ ಈಸ್ ಶೂರ್ ಟು ಪಾಸ್’, ‘ಹೀ ಈಸ್ ಶೂರ್ ದಟ್ ಹೀ ವಿಲ್ ಪಾಸ್’ ಎರಡೂ ಒಂದೇ ಅಲ್ಲೇನ್ರಿ? ‘ಹೀ ಈಸ್ ಪಾಸಿಬಲ್ ಟು ಕಮ್’ ಅಂತನೂ ಬರೀತಾರ.


ಶಹಾಬಾದ್ ಮೇಡಂ

ಒಂದೇ ಅಲ್ಲರೀ. ‘ಶೂರ್ ಟು ಪಾಸ್’ ಅಂದಾಗ ಖಾತ್ರಿ ಇರೋದು ಹೇಳೋವ್ರಿಗೆ: ‘ಅವ ಪಾಸಾಗೋದು ಗ್ಯಾರಂಟಿ’ ಅಂತ ನಾವು ಅಂತೀವಿ, ಆ ಹುಡುಗಗ ಅಂಜಿಕಿ ಇದ್ದರೂ ಇರಬಹುದು. ‘ಶೂರ್ ದಟ್ ಹೀ ವಿಲ್ ಪಾಸ್’ ಅಂದಾಗ ಖಾತ್ರಿ ಆ ಹುಡುಗಂದು, ನಮಗ ಅನುಮಾನ ಇರಬಹುದು. ಸರ್ಟನ್ ಕೂಡ ಹಿಂಗೇ.

ಪಾಸಿಬಲ್ ಮನುಷ್ಯಾಗ ಹತ್ತಂಗಿಲ್ಲ, ‘ಇಟ್’ ಇಟ್ಟು ಶುರು ಮಾಡಬೇಕು. ಅಲ್ಲೂ ಟು, ದಟ್ ಬ್ಯಾರೆ ಬ್ಯಾರೆ. ‘ಇಟ್ ಈಸ್ ಪಾಸಿಬಲ್ ಟು ಗೋ ಟು ಬೀದರ್ ಬೈ ಟ್ರೈನ್’ ಅಂದ್ರ ರೈಲಿನಾಗ ಹೋಗ್ಲಾಕ ಬರ್ತದ. ‘ಇಟ್ ಈಸ್ ಪಾಸಿಬಲ್ ದಟ್ ಹೀ ವೆಂಟ್ ಟು ಬೀದರ್ ಬೈ ಟ್ರೈನ್’ ಅಂದ್ರ ರೈಲಿಗೇ ಹೋಗಿರಬೇಕೇನೋ. ನಿಮ್ಮ ಹುಡುಗ ಬರಿಯಬೇಕು ಅಂದುಕೊಂಡದ್ದು ‘ಅವ ಬರಬಹುದು’ ಅಂತಿದ್ರ ಅದಕ್ಕ ಇಷ್ಟೆಲ್ಲಾ ಬ್ಯಾಡ, ‘ಹೀ ಮೇ ಕಮ್’ ಸಾಕು.